ಕುಂಬಳಕಾಯಿ ಬಣ್ಣದ ಸೈಕಲ್ಲು

ಅಸೆನೊವಾ ಮೊಹಲ್ಲಾ, ವೆಲಿಕೊ ತರ್ನೊವೊ
ಮಾರ್ಚ್ ಹತ್ತು, ಮಂಗಳವಾರ

ಪ್ರೀತಿಯ ಲುಕಾನ್,

ಮೊದಲು ನಿನ್ನ ಮಂಡಿಯ ಸಮಾಚಾರ ಹೇಳು. ನೋವು ಎಡಗಾಲಿಗೋ ಬಲಗಾಲಿಗೋ ಎಂದು ಹಿಂದಿನ ಕಾಗದದಲ್ಲಿ ನೀನು ಬರೆಯಲೇ ಇಲ್ಲ. ಹಾಗಿದ್ದರೆ ಎರಡಕ್ಕೂ ಇರಬೇಕು ಎಂದು ಅತ್ತೆ ತೀರ್ಮಾನ ಕೊಟ್ಟು ಎರಡು ಡಬ್ಬಿ ಮುಲಾಮು ಕಾಸಿಟ್ಟಿದ್ದಾರೆ. ವಾರ್ನಾದಲ್ಲಿರುವ ನಿನ್ನ ಹಡಗು ಕಂಪನಿಯ ಕಚೇರಿಯವರು ಕಾಗದ ಒಯ್ಯುತ್ತಾರೆ, ಡಬ್ಬಿ ಒಯ್ಯುವುದಿಲ್ಲವಂತೆ. ಹಾಗಾಗಿ ಅವು ಕಿಟಕಿಯ ಮೇಲೆ ಕುಳಿತು ನಿನ್ನ ದಾರಿ ಕಾಯುತ್ತಿವೆ. ಹಡಗಿನ ಅಡುಗೆಮನೆಗೆ ಇಳಿಯುವ ಆ ಕಬ್ಬಿಣದ ಏಣಿಯನ್ನು ಏಣಿಗೆ ಮುಖ ಮಾಡಿಯೇ ಇಳಿ ಎಂದು ಎಷ್ಟು ಸಲ ಹೇಳಿಲ್ಲ ನಿನಗೆ? ಇಡೀ ಹಡಗಿಗೆ ಸೂಪು ಬಡಿಸುವವನು ತಾನು ಮಾತ್ರ ಒಲೆಯ ಪಕ್ಕ ನಿಂತೇ ಬ್ರೆಡ್ಡು ಕಡಿದು ಊಟ ಮುಗಿಸುತ್ತಾನೆ ಎಂಬುದೂ ನನಗೆ ಗೊತ್ತು. ಕುಳಿತು ಉಣ್ಣು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯ ಕಿವಿ ಅವರಿಗೆ ಬೇಕಾದ ಮಾತಿಗೆ ಮಾತ್ರ ಕೇಳಿಸುತ್ತದೆ, ಅಂದರೆ ಹಿಂದಿನಂತೆಯೇ ಇದೆ. ಒಲೆಯ ಕೊಳವೆ ಗುಡಿಸಿದ್ದಾಯಿತು. ಉಪ್ಪಿನಕಾಯಿ ಎಲೆಕೋಸು ಇನ್ನೂ ಅರ್ಧ ಪೀಪಾಯಿ ಇದೆ. ನೀನಿಲ್ಲದೆ ಅದು ಕರಗುವುದೇ ಇಲ್ಲ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಎತ್ತುವಷ್ಟರಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಆಮೇಲೆ ಸಮುದ್ರ ನಮ್ಮಿಬ್ಬರ ಮಾತನ್ನೂ ಕಡಿದುಹಾಕುತ್ತದೆ. ಕಾಗದದಲ್ಲಿ ನೀನು ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಕೇಳಲೇಬೇಕು. ಈ ಒಂದು ಲಾಭಕ್ಕಾಗಿಯೇ ನಾನು ಅಂಚೆಚೀಟಿಗೆ ದುಡ್ಡು ಹಾಕುವುದು.

ಕಂಪನಿಯವರು ಇನ್ನೊಂದು ಕರಾರಿಗೆ ಸಹಿ ಕೇಳುತ್ತಿದ್ದಾರೆ, ಬ್ಲಾಗೊವೆತ್ಸ್ ಹಬ್ಬದೊಳಗೆ ಹೂಂ ಅಥವಾ ಊಹೂಂ ಹೇಳಬೇಕು ಎಂದು ಬರೆದಿದ್ದೀಯ. ಹಬ್ಬ ಇದೇ ತಿಂಗಳ ಇಪ್ಪತ್ತೈದಕ್ಕೆ. ‘ಒಂಬತ್ತೇ ತಿಂಗಳು ತಾನೇ’ ಎಂದೂ ಬರೆದಿದ್ದೀಯ. ಆ ‘ತಾನೇ’ಯ ವಿಷಯ ಆಮೇಲೆ ಮಾತಾಡೋಣ. ಅಕ್ಟೋಬರಿನಲ್ಲಿ ಬಸ್ ನಿಲ್ದಾಣದಲ್ಲಿ, ಚೀಲ ಹೆಗಲಿಗೆ ಏರಿಸಿಕೊಂಡು, ನೀನೇ ಆಡಿದ ಮಾತು ನೆನಪಿದೆಯಲ್ಲ? ‘ಈ ಚಳಿಗಾಲವೆಲ್ಲ ನಿನ್ನ ಗೂಡಂಗಡಿ ಮುಚ್ಚಿಹೋಗದೆ ನಿಂತ್ರೆ ನಾನು ಹಡಗು ಬಿಟ್ಟು ಬರ್ತೀನಿ ದೊಬ್ರಿಂಕಾ, ಇಬ್ಬರೂ ಸೇರಿ ನಡೆಸೋಣ. ನಿಲ್ಲಲಿಲ್ವೋ, ಆಮೇಲೆ ನೀನು ಕಮಕ್ ಕಿಮಕ್ ಅನ್ನಬಾರದು.’ ಬಸ್ಸಿನ ಡ್ರೈವರ್ ಕೂಡ ಕೇಳಿಸಿಕೊಂಡಿದ್ದಾನೆ. ‘ಅತ್ಗೆ, ನಾನು ಸಾಕ್ಷಿ’ ಎಂದು ಹಾರ್ನ್ ಬಾರಿಸಿದನಲ್ಲ, ಅವನೇ.

ನೀನು ಆ ಮಾತು ಕೊಟ್ಟಾಗ ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು: ಮನೆಯಲ್ಲಿ ಬೇಯಿಸಿದ ನನ್ನ ಚೀಸಿನ ಬನಿತ್ಸಾ ಮೇಲಕ್ಕೆ ಹೋಗುತ್ತಿದ್ದದ್ದು ನೆರೆಮನೆಯ ದಿಂಕೊನ ವ್ಯಾನಿನಲ್ಲಿ. ನಾವು ನದಿಯ ಪಕ್ಕದಲ್ಲಿ ತಳದಲ್ಲಿದ್ದೇವೆ. ಗೂಡಂಗಡಿಯೂ ತಿನ್ನುವ ಬಾಯಿಗಳೂ ಸ್ವೆತಾ ಗೊರಾ ಗುಡ್ಡದ ತಲೆಯ ಮೇಲೆ ವಿಶ್ವವಿದ್ಯಾಲಯದಲ್ಲಿವೆ. ನಡುವೆ ಆ ರಸ್ತೆ, ಹಾವು ಸುತ್ತಿಕೊಂಡ ಹಾಗೆ. ನೀನು ಹೋದ ತಿಂಗಳಲ್ಲೇ ದಿಂಕೊ ಮಗಳ ಮನೆಗೆಂದು ಸ್ಪೇನಿಗೆ ಹೊರಟ, ವ್ಯಾನನ್ನೂ ಮಾರಿದ. ಮೊದಲ ಬಸ್ಸು ಮೇಲೆ ತಲುಪುವಷ್ಟರಲ್ಲಿ ಹುಡುಗರು ತರಗತಿಯೊಳಗೆ ಕುಳಿತಾಗಿರುತ್ತದೆ. ಬೆಳಿಗ್ಗೆ ತಿನ್ನದ ಬನಿತ್ಸಾವನ್ನು ಮಧ್ಯಾಹ್ನ ಯಾರೂ ತಿನ್ನುವುದಿಲ್ಲ. ಡಿಸೆಂಬರಿನಲ್ಲಿ ನಾನು ಕೈಗಾಡಿ ತಳ್ಳಿದೆ, ಟ್ಯಾಕ್ಸಿ ಹಿಡಿದೆ (ಟ್ಯಾಕ್ಸಿಯವನಿಗೆ ಲಾಭ, ನನಗೆ ವಾಸನೆ ಮಾತ್ರ), ಎರಡು ದಿನ ಬಾಗಿಲನ್ನೇ ತೆಗೆಯಲಾಗಲಿಲ್ಲ. ಎದುರುಗಡೆಯ ಗೂಡಂಗಡಿಯ ಗೆನ್ಚೊ ಕೈಕಟ್ಟಿ ನೋಡುತ್ತಿದ್ದ. ‘ಏನ್ ದೊಬ್ರಿಂಕಾ, ನಾಳೆ ಕತ್ತೆ ಮೇಲೆ ಬರ್ತೀಯಾ? ಕತ್ತೆಗೂ ಒಂದು ಕಾಫಿ ಕೊಡ್ತೀನಿ, ಕರ್ಕೊಂಡ್ಬಾ.’ ನಗುತ್ತಲೇ ಹೇಳಿದ. ಆದರೆ ಅವನು ನಗುವ ಮೊದಲೇ ವಿಶ್ವವಿದ್ಯಾಲಯದ ಮೇಲ್ವಿಚಾರಕಿಯ ಬಳಿ ಹೋಗಿ, ‘ಆ ಜಾಗ ಮುಚ್ಚೇ ಇರುತ್ತಲ್ಲ ಮೇಡಂ, ನನಗೆ ಕೊಡಿ, ಎರಡೂ ಸೇರಿಸ್ಕೋತೀನಿ’ ಎಂದು ಕೇಳಿಬಂದಿದ್ದ. ಆಕೆ ನನ್ನನ್ನು ಕರೆದು ನೆಟ್ಟಗೆ ಹೇಳಿದಳು: ಹೊಸ ವರ್ಷದಿಂದ ತರಗತಿ ಇರುವ ಒಂದು ದಿನವೂ ನಿನ್ನ ಬಾಗಿಲು ಮುಚ್ಚಿರಬಾರದು, ಮುಚ್ಚಿದರೆ ಮಾರ್ಚಿನಲ್ಲಿ ಜಾಗ ಬೇರೆಯವರಿಗೆ. ಹೀಗೆ ಲುಕಾನ್, ನಿನ್ನ ಮಾತೂ ಅವಳ ಮಾತೂ ಒಂದೇ ತಕ್ಕಡಿಗೆ ಬಂದು ಕುಳಿತವು. ನಾನು ನಿನಗೆ ಇದನ್ನು ಆಗ ಬರೆಯಲಿಲ್ಲ. ಬರೆದಿದ್ದರೆ ಆ ವಾರವೇ ಸಹಿ ಹಾಕಿಬಿಡುತ್ತಿದ್ದೆ ನೀನು.

ವಿದ್ಯುತ್ ಸೈಕಲ್ಲಿನ ಯೋಚನೆ ನನ್ನದೇ. ಹೊಸ ವರ್ಷದ ಫೋನಿನಲ್ಲಿ ಸುಮ್ಮನೆ ಬಾಯಿ ಜಾರಿಸಿ ನೋಡಿದ್ದಕ್ಕೆ ನೀನು ‘ಐವತ್ತಾರಕ್ಕೆ ಸೈಕಲ್ಲಾ? ಸರ್ಕಸ್ಸಿಗೆ ಸೇರ್ಕೊಂಡ್ಯಾ?’ ಎಂದು ಕೇಳಿ, ಹಿಂದೆ ಯಾರೋ ಹಡಗಿನವರೂ ನಕ್ಕಿದ್ದು ನನಗೆ ಕೇಳಿಸಿತು. ಅವರಿಗೂ ಈ ಕಾಗದ ಓದಿ ಹೇಳು.

ಮೊದಲು ನಾನೂ ಎಲ್ಲರ ಹಾಗೆ ಸೂಪರ್ ಮಾರ್ಕೆಟ್ಟಿನ ಜಾಹೀರಾತು ಹಾಳೆಯಲ್ಲಿ ಬಂದದ್ದನ್ನೇ ನೋಡಿದೆ. ಅಗ್ಗ. ಚಂದದ ಫೋಟೋ. ಹುಡುಗಿಯೊಬ್ಬಳು ಹೂಬುಟ್ಟಿ ಇಟ್ಟುಕೊಂಡು ಸಮತಟ್ಟಾದ ರಸ್ತೆಯಲ್ಲಿ ಹೋಗುತ್ತಿದ್ದಾಳೆ. ನಾನು ಆ ರಸ್ತೆಯನ್ನೇ ದಿಟ್ಟಿಸಿ ನೋಡಿದೆ, ಹುಡುಗಿಯನ್ನಲ್ಲ. ಮಾರುವವನು ಗುಡ್ಡದ ಫೋಟೋ ಹಾಕಿಲ್ಲ ಎಂದರೆ ಗುಡ್ಡಕ್ಕೂ ಆ ಸೈಕಲ್ಲಿಗೂ ಆಗಿಬರುವುದಿಲ್ಲ ಎಂದೇ ಅರ್ಥ. ನಮ್ಮ ಮೊಹಲ್ಲಾದ ಮೇಷ್ಟ್ರು ಅದನ್ನೇ ಕೊಂಡಿದ್ದರು, ಒಂದು ಬೆಳಿಗ್ಗೆಗೆ ಕೇಳಿ ತಂದೆ. ಹಿಂದೆ ಇಪ್ಪತ್ತೈದು ಕಿಲೋ ಹಿಟ್ಟಿನ ಚೀಲ ಕಟ್ಟಿದೆ. ಎರಡು ತಟ್ಟೆ ಬನಿತ್ಸಾ, ಡಬ್ಬ, ಥರ್ಮಾಸು ಎಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅದರ ಮೋಟಾರು ಹಿಂದಿನ ಚಕ್ರದ ನಡುವಿನ ಗುಂಬದೊಳಗೆ ಇದೆ. ಸೇತುವೆ ದಾಟುವವರೆಗೆ ರಾಜಕುಮಾರಿಯ ಹಾಗೆ ಹೋದೆ. ಏರು ಶುರುವಾದ ಮೇಲೆ ಗೇರು ಎಷ್ಟು ಬದಲಿಸಿದರೂ ನನ್ನ ಕಾಲಿಗೆ ಹಗುರವಾಯಿತೇ ಹೊರತು ಮೋಟಾರಿಗೆ ಅದರ ಪರಿವೆಯೇ ಇಲ್ಲ. ಅದು ತನ್ನ ಪಾಡಿಗೆ ಒಂದೇ ಪಟ್ಟಿನಲ್ಲಿ ಮುಲುಗುತ್ತ, ಕಲ್ಲಿನ ಕಾರಂಜಿ ಇರುವ ತಿರುವಿನಲ್ಲಿ ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ಜೊತೆಗೆ ಇನ್ನೊಂದು ಕೆಟ್ಟ ಗುಣ: ಪೆಡಲು ಒಂದು ಸುತ್ತು ತಿರುಗಿದ ಮೇಲೆ ಒಮ್ಮೆಲೇ ಮುಂದಕ್ಕೆ ಎಗರುತ್ತದೆ. ಹಿಟ್ಟಿನ ಚೀಲಕ್ಕೆ ಏನೂ ಆಗಲಿಲ್ಲ, ನಿಜ. ಆದರೆ ಹಾಳೆ ಹಾಳೆಯಾಗಿ ಉಬ್ಬಿದ, ಒಳಗಿನ ಚೀಸು ಇನ್ನೂ ಬಿಸಿಯಿರುವ ಬನಿತ್ಸಾ ಆ ಎಗರಾಟಕ್ಕೆ ತಟ್ಟೆಯ ಒಂದು ಮೂಲೆಗೆ ಹೋಗಿ ಮುದುಡಿ ಕೂರುತ್ತದೆ. ಸೈಕಲ್ಲನ್ನು ತಳ್ಳಿಕೊಂಡು ಇಳಿದು ಮೇಷ್ಟ್ರಿಗೆ ಒಪ್ಪಿಸಿದೆ. ‘ನನಗೇನೂ ತೊಂದರೆ ಇಲ್ವಲ್ಲಮ್ಮ, ಚೆನ್ನಾಗಿದೆ’ ಅಂದರು. ಅವರು ನದಿ ದಂಡೆಯ ಮೇಲೆ ಪತ್ರಿಕೆ ತರಲು ಹೋಗುತ್ತಾರೆ. ಅವರಿಗೆ ಅದೇ ಸರಿ.

ಆಮೇಲೆ ಮೇಲುಪೇಟೆಯ ಸ್ಪಿರಿದೊನ್ ಅಂಗಡಿ. ಅವನು ನಿನಗೆ ಗೊತ್ತು: ಮೊದಲು ಫ್ರಿಜ್ಜು ಮಾರುತ್ತಿದ್ದ, ನಡುವೆ ಈಜುಕೊಳ ಮಾರಿದ, ಈಗ ಸೈಕಲ್ಲು. ಬಾಯಿ ಮಾತ್ರ ಎಲ್ಲ ಅಂಗಡಿಗಳಲ್ಲೂ ಒಂದೇ. ರಜೆ ಮುಗಿದು ತರಗತಿ ಶುರುವಾಗುವ ಮೊದಲೇ, ನಾನು ಬೇಕೆಂದೇ ಜನವರಿಯ ಹಿಮ ಬೀಳುವ ದಿನ ಹೋದೆ. ಅಂಥ ದಿನ ಸೈಕಲ್ ಅಂಗಡಿಗೆ ಯಾವ ಬುದ್ಧಿವಂತನೂ ಹೋಗುವುದಿಲ್ಲ. ಅಂಗಡಿಯವನಿಗೆ ಮನುಷ್ಯರ ಮುಖ ನೋಡಿದರೇ ಸಂತೋಷ. ಜೊತೆಗೆ ಒಂದು ತುಂಡು ಬನಿತ್ಸಾ ಒಯ್ದಿದ್ದೆ. ‘ಅಕ್ಕಾ, ನಿಮ್ಮಂಥವರಿಗೆ ಚಕ್ರದ ಮೋಟಾರು ಆಗಲ್ಲ. ಮಿಡ್ ಡ್ರೈವ್ ಬೇಕು. ಮೋಟಾರು ಇಲ್ಲಿ, ಪೆಡಲಿನ ಬುಡದಲ್ಲಿ. ಚೈನಿನ ಮೂಲಕ ಎಳೆಯುತ್ತೆ. ನೀವು ಗೇರು ಇಳಿಸಿದ್ರೆ ಮೋಟಾರಿಗೂ ಗೇರು ಇಳೀತು. ಕಾಲಲ್ಲಿ ಎಷ್ಟು ಒತ್ತುತೀರೋ ನೋಡ್ಕೊಂಡು ಅಷ್ಟಕ್ಕೆ ಕೈ ಜೋಡಿಸುತ್ತೆ. ಎಗರಲ್ಲ’ ಎಂದ. ಇಷ್ಟನ್ನು ಸರಿಯಾಗಿ ಹೇಳಿದ, ಒಪ್ಪಿಕೊಂಡೆ. ಆಮೇಲೆ ಜರ್ಮನಿಯ ದೊಡ್ಡ ಹೆಸರಿನದೊಂದನ್ನು ಕಂಬಳಿಯೊಳಗಿನ ಮಗುವನ್ನು ತೋರಿಸುವ ಹಾಗೆ ಹೊದಿಕೆ ಸರಿಸಿ ತೋರಿಸಿದ. ಬೆಲೆ ಯೂರೋದಲ್ಲಿ ಹೇಳಿದ. ನಾನು ಮನಸ್ಸಿನಲ್ಲಿ ನಮ್ಮ ಹಳೆಯ ದುಡ್ಡು ಲೆವಾಕ್ಕೆ ತಿರುಗಿಸಿ ಕುರ್ಚಿ ಹುಡುಕಿದೆ. ‘ಲೆವಾ ಸತ್ತುಹೋಯ್ತು ಅಕ್ಕಾ, ಇನ್ನೂ ಯಾಕೆ ಅದರಲ್ಲಿ ಎಣಿಸ್ತೀರಿ?’ ಎಂದ. ‘ಸತ್ತವರ ಜೊತೆ ಮಾತಾಡಿದಾಗಲೇ ನಿಜವಾದ ಬೆಲೆ ಗೊತ್ತಾಗೋದು ಕಣಪ್ಪ’ ಎಂದೆ.

ಅಲ್ಲೇ ಗೋಡೆಯ ಮೂಲೆಯಲ್ಲಿ, ಟೈರುಗಳ ಹಿಂದೆ, ಇದು ನಿಂತಿತ್ತು. ಕುಂಬಳಕಾಯಿ ಬಣ್ಣ. ಬೇಯಿಸಿದ ಕುಂಬಳಕಾಯಿಯ ಒಳಗಿನ ಬಣ್ಣ, ಹೊರಗಿನದಲ್ಲ. ಹೋದ ವರ್ಷದ ಮಾದರಿ, ಯಾರೂ ಮುಟ್ಟಿರಲಿಲ್ಲ. ಮೋಟಾರು ಹೆಸರಿಲ್ಲದವರದು, ಆದರೆ ಕೂತಿರುವುದು ಸರಿಯಾದ ಜಾಗದಲ್ಲಿ. ಬ್ಯಾಟರಿ ಸಣ್ಣದು. ಸ್ಪಿರಿದೊನ್ ಅದನ್ನು ದೊಡ್ಡ ಕುಂದು ಎಂಬಂತೆ ಪಿಸುಗುಟ್ಟಿದ. ನನಗೆ ಅದೇ ಚೆನ್ನಾಯಿತು. ನಾನು ಸೋಫಿಯಾಕ್ಕೆ ಹೋಗಬೇಕಾಗಿಲ್ಲ. ಮೇಲೆ ಹೋಗಿ ಕೆಳಗೆ ಬರಬೇಕು, ಬರುವಾಗ ಗುಡ್ಡವೇ ನನ್ನನ್ನು ಇಳಿಸುತ್ತದೆ. ಸಂಜೆ ಬ್ಯಾಟರಿ ಕಳಚಿ ಒಳಗೆ ತಂದು, ಒಲೆಯ ಪಕ್ಕ ನಿನ್ನ ಖಾಲಿ ಕುರ್ಚಿಯ ಮೇಲಿಟ್ಟು ಚಾರ್ಜಿಗೆ ಹಾಕಿದರೆ ಸಾಕು. ದೊಡ್ಡ ಬ್ಯಾಟರಿ ಕೊಳ್ಳುವುದು ಅಂದರೆ ಇಬ್ಬರಿರುವ ಮನೆಗೆ ಮದುವೆಯ ಹಂಡೆ ತಂದ ಹಾಗೆ. ಹಿಂದಿನ ಚಕ್ರ ಸಾದಾ ಚಕ್ರ. ಪಂಕ್ಚರಾದರೆ ಮೊಹಲ್ಲಾದ ಯಾವ ಹುಡುಗನಾದರೂ ಬಿಚ್ಚಿ ಹಾಕುತ್ತಾನೆ, ಮೋಟಾರಿನ ತಂತಿಗಳ ಗೋಜಿಲ್ಲ. ಚೈನು ಬೇಗ ಸವೆಯುತ್ತದೆ ಎಂದು ಅವನು ಹೇಳಲಿಲ್ಲ, ನಾನೇ ಕೇಳಿ ಬಾಯಿಬಿಡಿಸಿದೆ. ‘ಚೈನು ಸವೆದರೆ ಚೈನಿನ ದುಡ್ಡು. ಜಾಗ ಹೋದರೆ ಏನು ಕೊಟ್ಟರೂ ಬರಲ್ಲ’ ಎಂದು ನನಗೆ ನಾನೇ ಹೇಳಿಕೊಂಡೆ.

ಕೊಳ್ಳುವ ಮೊದಲು ಹಿಟ್ಟಿನ ಚೀಲ ಕಟ್ಟಿ ಗುಡ್ಡ ಹತ್ತಿಸಿ ನೋಡುತ್ತೇನೆ ಎಂದೆ. ‘ಹಿಮ ಬೀಳ್ತಿದೆ ಅಕ್ಕಾ!’ ಎಂದ. ‘ನಾನೇನು ಜುಲೈನಲ್ಲಿ ಮಾತ್ರ ಬನಿತ್ಸಾ ಮಾರ್ತೀನಾ?’ ಎಂದೆ. ಪಾಪ, ಅವನು ಕಾರಿನಲ್ಲಿ ಹಿಂದೆಯೇ ಬಂದ, ಕಿಟಕಿ ಇಳಿಸಿಕೊಂಡು ‘ಗೇರು ಇಳಿಸಿ, ಗೇರು ಇಳಿಸಿ’ ಎಂದು ಕೂಗುತ್ತ. ಕಾರಂಜಿಯ ತಿರುವು ಬಂತು. ಗೇರು ಇಳಿಸಿದೆ. ಲುಕಾನ್, ಆ ಕ್ಷಣವನ್ನು ನಿನಗೆ ಹೇಗೆ ಹೇಳಲಿ? ಮದುವೆಯಾದ ಹೊಸತರಲ್ಲಿ ಸಂತೆಯಿಂದ ಬರುವಾಗ, ನಾನು ಸುಸ್ತಾಗಿದ್ದೇನೆ ಎಂದು ಬಾಯಿ ಬಿಡುವ ಮೊದಲೇ ನೀನು ಬೆನ್ನಿಗೆ ಅಂಗೈ ಒತ್ತಿ ಮೇಲಕ್ಕೆ ತಳ್ಳುತ್ತಿದ್ದೆಯಲ್ಲ, ಹಾಗೆ. ನಾನು ಒತ್ತಿದಷ್ಟೇ ಅದೂ ಒತ್ತಿತು. ಹತ್ತಿದೆ. ಮೇಲೆ ನಿಂತು ಹಿಂತಿರುಗಿ ನೋಡಿದರೆ ಸ್ಪಿರಿದೊನನ ಕಾರು ಅದೇ ತಿರುವಿನಲ್ಲಿ ಹಿಮದಲ್ಲಿ ಚಕ್ರ ತಿರುಗಿಸುತ್ತ ನಿಂತಿತ್ತು. ನಾನು ಇಳಿದು ಹೋಗಿ ಅವನನ್ನು ತಳ್ಳಿಕೊಟ್ಟೆ. ಬೆಲೆಯ ಮಾತು ಅಲ್ಲೇ ತೆಗೆದೆ. ತಳ್ಳಿಸಿಕೊಂಡವನು ಜಾಸ್ತಿ ಜಗ್ಗಾಡುವುದಿಲ್ಲ.

ಆದರೂ ಜಗ್ಗಾಡಿದ. ಎರಡು ಸಾವಿರದ ನೂರು ಯೂರೋ ಎಂದು ಶುರು ಮಾಡಿದ. ಆಗ ನಾನು ಡಬ್ಬದ ಮಾತು ಎತ್ತಿದೆ. ಸೈಕಲ್ಲಿನ ಹಿಂದೆ ತಟ್ಟೆ ಇಡುವ ಡಬ್ಬ ಬರುತ್ತದೆ. ಅದಕ್ಕೆ ಮೂರು ಮುಖ. ದಿನಾ ಬೆಳಿಗ್ಗೆ ಇಡೀ ವಿಶ್ವವಿದ್ಯಾಲಯ ಅದನ್ನು ನೋಡುತ್ತದೆ. ಅಲ್ಲಿ ನಿನ್ನ ಅಂಗಡಿಯ ಹೆಸರು ಬರೆಸುತ್ತೇನೆ, ಬಣ್ಣ ನಿನ್ನದು, ಬೆನ್ನು ನನ್ನದು. ‘ನನ್ನ ಈ ವಯಸ್ಸಿನ ಹೆಂಗಸು ಗುಡ್ಡ ಹತ್ತೋದು ನೋಡಿ ಯಾವ ಪ್ರೊಫೆಸರು ತಾನು ಹತ್ತಲಾರೆ ಅಂತಾನೆ ಹೇಳು?’ ಎಂದೆ. ಸ್ಪಿರಿದೊನ್ ಬನಿತ್ಸಾದ ಕೊನೆಯ ಚೂರು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದ. ಸಾವಿರದ ಆರುನೂರಕ್ಕೆ ಮುಗಿಯಿತು. ಮಡ್‌ಗಾರ್ಡು, ದೀಪ, ಬೀಗ, ಡಬ್ಬ ಎಲ್ಲ ಅದರಲ್ಲೇ. ನಿನ್ನ ಹಡಗಿನ ದುಡ್ಡಿನಲ್ಲಿ ಒಂದು ಬಿಡಿಗಾಸನ್ನೂ ಮುಟ್ಟಿಲ್ಲ. ಬೇಸಿಗೆಯಿಂದ ಬನಿತ್ಸಾ ಮಾರಿದ್ದು, ಸೆಪ್ಟೆಂಬರಿನಲ್ಲಿ ಕೆಂಪು ಮೆಣಸಿನಕಾಯಿ ಸುಟ್ಟು ರುಬ್ಬಿ ಶೀಶೆ ತುಂಬಿ ಮೇಷ್ಟ್ರುಗಳಿಗೆ ಮಾರಿದ್ದು, ಎಲ್ಲ ನನ್ನದೇ. ಹೊಗಳಿಕೊಳ್ಳುವುದು ನನ್ನ ಜಾಯಮಾನವಲ್ಲ ಎಂದು ಬರೆದರೆ ನೀನು ನಕ್ಕು ನಕ್ಕು ಸಮುದ್ರಕ್ಕೆ ಬೀಳುತ್ತೀಯ, ಅದಕ್ಕೇ ಬರೆಯುವುದಿಲ್ಲ.

ಈಗ ನಿಮ್ಮಮ್ಮನ ಕಥೆ ಕೇಳು. ಮೊದಲ ದಿನ ಹೊಸ ಸೈಕಲ್ಲಿನ ಮೇಲೆ ಕೆಲಸಕ್ಕೆ ಹೊರಟೆ. ಡಬ್ಬದಲ್ಲಿ ಎರಡು ತಟ್ಟೆ, ಆವಿ ಆಡುತ್ತಿದೆ. ಗೇಟು ತೆಗೆದರೆ ಅತ್ತೆ ಎದುರಿಗೆ ನಿಂತಿದ್ದಾರೆ, ರಾತ್ರಿಯ ಅಂಗಿಯ ಮೇಲೆ ನಿನ್ನ ಹಳೆಯ ಕೋಟು, ಕೈಯಲ್ಲಿ ತಾಮ್ರದ ಬಿಂದಿಗೆ, ಅದರ ಬಾಯಲ್ಲಿ ಒಂದು ಚಿಗುರು ತುಳಸಿ. ನೀನು ಮೊದಲ ಸಲ ಹಡಗಿಗೆ ಹೊರಟಾಗ, ನಮ್ಮ ಮದುವೆಯ ದಿನ, ನನ್ನ ಗೂಡಂಗಡಿ ತೆರೆದಾಗ, ಎಲ್ಲದಕ್ಕೂ ಅವರು ಹೊರಡುವ ಕಾಲಿನ ಮುಂದೆ ನೀರು ಚೆಲ್ಲಿದವರೇ. ‘ನೀರು ಹರಿದ ಹಾಗೆ ಸಲೀಸಾಗಿ ಸಾಗಲಿ’ ಎಂದು ಹರಸಿ ಇಡೀ ಬಿಂದಿಗೆಯನ್ನು ಕಲ್ಲುಹಾಸಿನ ಮೇಲೆ ಸುರಿದರು. ನಾನೂ ಕಣ್ಣು ಒದ್ದೆ ಮಾಡಿಕೊಂಡು ಕೈಮುಗಿದೆ. ಇಬ್ಬರಿಗೂ ಹೊಳೆಯಲಿಲ್ಲ ಲುಕಾನ್, ಅದು ಜನವರಿ, ಉಗುಳಿದರೆ ಉಗುಳು ಗಟ್ಟಿಯಾಗುವ ಚಳಿ! ನಾನು ಕೈಗವಸು ಹಾಕಿ, ಟೋಪಿ ಕಟ್ಟಿ, ಅವರ ಕೆನ್ನೆಗೆ ಮುತ್ತು ಕೊಟ್ಟು, ಇನ್ನೊಮ್ಮೆ ಹರಸಿಸಿಕೊಂಡು ಸೀಟು ಹತ್ತುವಷ್ಟರಲ್ಲಿ ಆ ಆಶೀರ್ವಾದ ಕನ್ನಡಿಯಾಗಿ ಕೂತಿತ್ತು. ಮುಂದಿನ ಚಕ್ರ ಅದರ ಮೇಲೆ ಹೋಯಿತು, ಆಮೇಲೆ ಸೈಕಲ್ಲು ಒಂದು ಕಡೆ, ನಾನೊಂದು ಕಡೆ, ಡಬ್ಬದ ಮುಚ್ಚಳ ನದಿಯ ಕಡೆ.

ಮೊಹಲ್ಲಾ ಪೂರ್ತಿ ಕಿಟಕಿಗೆ ಬಂತು. ನಾನು ಮಂಡಿ ಉಜ್ಜಿಕೊಳ್ಳುತ್ತ ಎದ್ದೆ (ನೋಡು, ಈಗ ನನಗೂ ಒಂದು ಮಂಡಿ). ಮೊದಲು ಸೈಕಲ್ಲು ನೋಡಿದೆ: ಹ್ಯಾಂಡಲ್ಲಿನ ತುದಿ ಗೀಚಿತ್ತು, ಅಷ್ಟೇ. ಆಮೇಲೆ ತಟ್ಟೆ: ಒಂದು ಮಗುಚಿ ಬಿದ್ದಿತ್ತು, ಇನ್ನೊಂದು ಡಬ್ಬದೊಳಗೇ ಉಳಿದು ಪುಡಿಪುಡಿಯಾಗಿತ್ತು. ‘ಏನ್ ಅತ್ತೆ ನೀವು!’ ಎಂದು ಕೂಗಿದೆ. ‘ಏನೇ ನಾನು? ನೀರಿನ ಹಾಗೆ ಸಾಗು ಅಂದೆ. ಸಾಗಿದ್ಯಲ್ಲ, ನೋಡಿದ್ನಲ್ಲ, ಪಕ್ಕದ ಮನೆ ಗೇಟಿನ ತನಕ ಸಾಗಿದೆ! ಹಿಮ ಆಗು ಅಂತ ನಾನೇನು ಹೇಳಿದ್ನಾ ನೀರಿಗೆ?’ ಎಂದರು. ಅಷ್ಟು ಹೇಳಿ ಕೋಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ‘ಹೋಗಬೇಡ ಕಣೇ ಇವತ್ತು. ಶಕುನ ಕೆಟ್ಟಿತು’ ಎಂದರು. ಆ ದಿನ ಬಾಗಿಲು ಮುಚ್ಚಿದರೆ ಜಾಗ ಗೆನ್ಚೊಗೆ, ನೀನು ಸಮುದ್ರಕ್ಕೆ. ಶಕುನಕ್ಕೆ ಅಷ್ಟು ಬೆಲೆ ಕೊಡಲು ನನಗಾಗಲಿಲ್ಲ. ನೆಲಕ್ಕೆ ಬಿದ್ದದ್ದನ್ನು ಬೆಕ್ಕುಗಳಿಗೆ ಬಿಟ್ಟು, ಉಳಿದ ಒಂದು ತಟ್ಟೆ ಪುಡಿಯನ್ನು ಕಟ್ಟಿಕೊಂಡು, ಹಿಮ ಇಲ್ಲದ ಅಂಚು ಹಿಡಿದು ಹೊರಟೆ. ಮಂಡಿ ಒತ್ತಲು ಆಗದ ಕಡೆ ಇಳಿದು ಹ್ಯಾಂಡಲ್ಲಿನ ಗುಂಡಿ ಒತ್ತಿದೆ. ಆಗ ಈ ಸೈಕಲ್ಲು ನಡಿಗೆಯ ವೇಗದಲ್ಲಿ ತಾನೇ ಮೇಲೆ ಹೋಗುತ್ತದೆ, ನಾನು ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ಕುಂಟಿದೆ. ಯಾರು ಯಾರನ್ನು ಕರೆದೊಯ್ಯುತ್ತಿದ್ದರೋ ನೋಡಿದವರಿಗೇ ಗೊತ್ತು.

ಬಾಗಿಲು ತೆಗೆದದ್ದು ಹೊತ್ತಿಗೆ ಸರಿಯಾಗಿ. ಆದರೆ ಪುಡಿಯನ್ನು ಯಾರಿಗೆ ಮಾರುವುದು? ಎದುರಿಗೆ ಗೆನ್ಚೊ ಕೈಕಟ್ಟಿ ಶುರು ಮಾಡಿದ್ದ: ‘ಓಹೋ, ಬನಿತ್ಸಾ ಇವತ್ತು ಚಮಚದಲ್ಲಾ?’ ಹುಡುಗರು ನಕ್ಕರು. ಆಗ ಹೊಳೆಯಿತು. ಹೊಸ ವಸ್ತು ಕೊಂಡವರು ಎಲ್ಲರಿಗೂ ತಿನ್ನಿಸಬೇಕಲ್ಲ. ನಾನು ಜೀವಮಾನದಲ್ಲಿ ಯಾರಿಗೂ ಪುಕ್ಕಟೆ ತಿನ್ನಿಸಿದವಳಲ್ಲ ಎಂದು ಇಡೀ ಗುಡ್ಡಕ್ಕೇ ಗೊತ್ತು. ತಟ್ಟೆ ಎತ್ತಿಕೊಂಡು ರಸ್ತೆಗೆ ಇಳಿದೆ. ‘ಇವತ್ತು ಮಾರಾಟ ಇಲ್ಲ. ಹೊಸ ಸೈಕಲ್ಲು ತಗೊಂಡಿದೀನಿ, ಎಲ್ಲರೂ ಬಾಯಿ ಸಿಹಿ ಮಾಡ್ಕೊಳ್ಳಿ, ಸಿಹಿ ಅಲ್ಲ, ಉಪ್ಪು!’ ಎಂದೆ. ಹುಡುಗರು ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಮುತ್ತಿದರು. ನಮ್ಮಲ್ಲಿ ತಿಂದ ಬಾಯಿಂದ ಹರಸದೆ ಹೋಗುವ ಹಾಗಿಲ್ಲವಲ್ಲ, ಒಬ್ಬೊಬ್ಬರೂ ಬೆರಳು ನೆಕ್ಕುತ್ತ ‘ದೊಬ್ರಿಂಕಾ ಚಿಕ್ಕಮ್ಮ, ಸುಖವಾಗಿ ಓಡಿಸಿ’, ‘ಚಕ್ರ ಸವೆಯೋ ತನಕ ಓಡಿಸಿ’, ‘ಬಣ್ಣ ಮಾತ್ರ ದೇವರೇ ಕಾಪಾಡಬೇಕು’ ಎಂದರು. ಮೊದಲ ಚೂರನ್ನು ನಾನು ಕೊಟ್ಟದ್ದು ಯಾರಿಗೆ ಎಂದುಕೊಂಡೆ? ರಸ್ತೆ ದಾಟಿ ಹೋಗಿ ಗೆನ್ಚೊನ ಮೂಗಿನ ಕೆಳಗೆ ಹಿಡಿದೆ. ಬೇಡ ಎನ್ನಲು ಆಗುತ್ತದೆಯೇ, ಇಡೀ ಕಾಲೇಜು ನೋಡುತ್ತಿದೆ? ತಿಂದ. ಅಗಿದ. ಕಾದೆ. ಕೊನೆಗೆ, ಹಲ್ಲು ಕೀಳಿಸಿಕೊಂಡ ಹಾಗೆ, ‘ಒಳ್ಳೇದಾಗ್ಲಿ. ದಿನಾ ಬಾ’ ಎಂದ. ‘ಬರ್ತೀನಿ ಗೆನ್ಚೊ. ದಿನಾ ಬರ್ತೀನಿ’ ಎಂದೆ. ಮಾರನೆಯ ದಿನ ಇಡೀ ಇಡೀ ಬನಿತ್ಸಾ ತಂದಾಗ, ಪುಕ್ಕಟೆ ತಿಂದ ನಾಚಿಕೆಗೋ ರುಚಿಗೋ, ಅವರೆಲ್ಲ ದುಡ್ಡು ಕೈಯಲ್ಲಿ ಹಿಡಿದು ಸಾಲು ನಿಂತಿದ್ದರು. ನಾನು ಜನ್ಮದಲ್ಲಿ ಮಾಡಿದ ಒಂದೇ ಒಂದು ಧರ್ಮಕಾರ್ಯ ಅದು. ಅದರಷ್ಟು ಲಾಭ ತಂದ ವ್ಯಾಪಾರ ಇನ್ನೊಂದಿಲ್ಲ.

ಆಮೇಲಿನದು ಚಿಕ್ಕ ಕಥೆ. ಹಿಮ ಬಿತ್ತು, ಹೋದೆ. ಹಿಮ ಕರಗಿ ಕೆಸರಾಯಿತು, ಹೋದೆ. ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ ಎಂದು ಗೊತ್ತಾಗಿ ಅದಕ್ಕೆ ಅತ್ತೆ ಉಣ್ಣೆಯ ಅಂಗಿ ಹೆಣೆದುಕೊಟ್ಟರು. ನಿನಗೆ ಹೆಣೆಯುತ್ತಿದ್ದ ಸ್ವೆಟರಿನ ಎಡತೋಳು ಈಗ ಅದರ ಮೈಮೇಲಿದೆ, ಕೋಪ ಮಾಡಿಕೊಳ್ಳಬೇಡ. ನೀರು ಚೆಲ್ಲುವುದನ್ನೂ ಅವರು ಬಿಟ್ಟಿಲ್ಲ, ಈಗ ತುಳಸಿಯ ಚಿಗುರಿನಿಂದ ಮೂರು ಹನಿ ನನ್ನ ಟೋಪಿಯ ಮೇಲೆ ಚಿಮುಕಿಸುತ್ತಾರೆ, ‘ಇಷ್ಟು ಗಟ್ಟಿಯಾದ್ರೂ ನೀನು ಜಾರಲ್ಲ’ ಎನ್ನುತ್ತಾರೆ. ಡಬ್ಬದ ಮೇಲಿನ ಹೆಸರು ನೋಡಿ ಮೂವರು ಮೇಷ್ಟ್ರುಗಳು ಸ್ಪಿರಿದೊನ್ ಬಳಿ ಸೈಕಲ್ಲು ಕೊಂಡರಂತೆ. ಅವನು ಈಗ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ನಿನ್ನೆ ಸೋಮವಾರ ಮೇಲ್ವಿಚಾರಕಿ ಬಂದು ಒಂದು ಬನಿತ್ಸಾ ತಿಂದು, ಕೈ ಒರೆಸಿಕೊಂಡು, ‘ಒಂದು ದಿನವೂ ಮುಚ್ಚಲಿಲ್ಲ ನೀವು’ ಎಂದಳು. ಜಾಗ ಇನ್ನು ಮೂರು ವರ್ಷ ನನ್ನ ಹೆಸರಿಗೆ. ಅವಳು ಹೋದ ಮೇಲೆ ನಾನು ಗೂಡಂಗಡಿಯ ಕಿಟಕಿ ಎಳೆದುಕೊಂಡು ಸ್ವಲ್ಪ ಹೊತ್ತು ಒಳಗೇ ಕುಳಿತೆ. ಯಾರಿಗೂ ಕಾಣಲಿಲ್ಲ. ಆಮೇಲೆ ತೆಗೆದೆ.

ಹುಡುಗರು ಈಗ ಬೆಳಿಗ್ಗೆ ಬನಿತ್ಸಾ ತಿಂದು ಮಧ್ಯಾಹ್ನ ಬಿಸಿ ಸೂಪು ಇಲ್ಲವೇ ಎಂದು ಕೇಳುತ್ತಾರೆ. ನನಗೆ ಸೂಪು ಬರುವುದಿಲ್ಲ ಎಂದು ಹೇಳಿದೆ. ಬರುವವನು ಒಬ್ಬನಿದ್ದಾನೆ, ಸದ್ಯ ಸಮುದ್ರದವರಿಗೆ ಬಡಿಸುತ್ತಿದ್ದಾನೆ ಎಂದೂ ಹೇಳಿದೆ. ನಿನ್ನ ಹುರುಳಿಕಾಯಿ ಬೀಜದ ಸೂಪಿನ ವಾಸನೆಯನ್ನು ನಾನು ಅವರಿಗೆ ಬಾಯಲ್ಲೇ ವಿವರಿಸಿದಾಗ ಎದುರಿನ ಗೆನ್ಚೊ ಕೂಡ ಕಿವಿ ಕೊಟ್ಟು ಕೇಳುತ್ತಿದ್ದ.

ಈ ಲಕೋಟೆಯಲ್ಲಿ ಕೆಂಪು ಬಿಳಿ ದಾರದ ಮಾರ್ತೆನಿತ್ಸಾ ಇಟ್ಟಿದ್ದೇನೆ. ಒಂದನೇ ತಾರೀಕಿಗೆ ಕಟ್ಟಬೇಕಿತ್ತು, ತಡವಾಯಿತು. ಕೈಗೆ ಸಿಕ್ಕಿದ ದಿನ ಕಟ್ಟಿಕೋ. ನನ್ನ ಸೈಕಲ್ಲಿನ ಹ್ಯಾಂಡಲ್ಲಿಗೂ ಒಂದಿದೆ, ಹುಡುಗರು ಕಟ್ಟಿದ್ದು. ಹೂಬಿಟ್ಟ ಮರ ಕಾಣುವವರೆಗೆ ಬಿಚ್ಚಬಾರದು ಎಂಬುದು ಗೊತ್ತೇ ಇದೆ. ನಿನ್ನ ಸಮುದ್ರದಲ್ಲಿ ಮರ ಎಲ್ಲಿಂದ ಬರಬೇಕು? ಗೂಡಂಗಡಿಯ ಹಿಂದೆ ಒಂದು ಪ್ಲಮ್ ಮರ ಮೊಗ್ಗು ತುಂಬಿಕೊಂಡು ನಿಂತಿದೆ. ಅತ್ತೆ ನಿನ್ನ ಎರಡೂ ಮಂಡಿಗಳಿಗೆ, ಯಾವುದಕ್ಕೆ ನೋವೋ ಅದಕ್ಕೆ ಹೆಚ್ಚಾಗಿ, ಆಶೀರ್ವಾದ ಹೇಳಿದ್ದಾರೆ. ಸರ್ಕಸ್ಸೆಂದು ನಕ್ಕ ಹಡಗಿನವರಿಗೆ ನನ್ನ ನಮಸ್ಕಾರ. ದೇವರು ನಿನ್ನನ್ನು ಕಾಲು ನೆನೆಯದ ಹಾಗೆ ದಡ ಸೇರಿಸಲಿ.

ನಿನ್ನವಳು,
ದೊಬ್ರಿಂಕಾ

ತಾಜಾ ಕಲಂ: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸ್ಪಿರಿದೊನ್ ಬಳಿ ಇದೇ ಜಾತಿಯ ಇನ್ನೊಂದಿದೆ, ಮೋಟಾರು ಪೆಡಲಿನ ಬುಡದಲ್ಲೇ, ಮಂಡಿ ಎಷ್ಟು ಮೆಲ್ಲಗೆ ಒತ್ತಿದರೂ ಸಾಕು. ಕಪ್ಪು ಬಣ್ಣ, ದೊಡ್ಡ ಚೌಕಟ್ಟು, ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ. ಹಿಂದೆ ಸೂಪಿನ ಪಾತ್ರೆ ಕೂರುತ್ತದೆ, ನೋಡಿದ್ದೇನೆ. ಓಡಿಸುವವರ ಕಾಲಿನ ಉದ್ದ ಬೇಕು ಎಂದ; ಬೀರುವಿನಲ್ಲಿ ನಿನ್ನ ಬೂದು ಪ್ಯಾಂಟಿತ್ತು, ಈಸ್ಟರಿಗೆ ಹಾಕುವುದು, ಅದನ್ನೇ ಒಯ್ದು ಅಳತೆ ಹಿಡಿಸಿದೆ. ಸೀಟು ಅಷ್ಟಕ್ಕೇ ಕೂರಿಸಿದ್ದಾನೆ. ಮುಂಗಡ ಕೇಳಿದ. ನಾನು ಮುಂಗಡ ಕೊಡುವವಳೇ? ‘ಪ್ಯಾಂಟು ಇಟ್ಕೋ’ ಎಂದು ಬಂದೆ. ಬ್ಲಾಗೊವೆತ್ಸ್ ಹಬ್ಬದವರೆಗೆ ಬೇರೆಯವರಿಗೆ ಮಾರುವುದಿಲ್ಲ. ಸೈಕಲ್ಲಿನ ಸೀಟಿನ ಮೇಲೆ ಅದನ್ನು ಮಡಿಸಿ ಹಾಕಿ ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಿದ್ದಾನೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ, ಎಲ್ಲರೂ ಯಾರದೆಂದು ಕೇಳುತ್ತಿದ್ದಾರೆ. ನಾನಂತೂ ಬಿಡಿಸಿಕೊಂಡು ಬರಲು ಹೋಗುವುದಿಲ್ಲ. ನೀನೇ ಬಂದು ಬಿಡಿಸಿಕೋ.